ಆರ್ ಕಲಿತು ಡೇಟಾ ತಿದ್ದುವುದು, ಚಾರ್ಟ್ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಎಚ್‌ಡಿ ಮಾಡುತ್ತಿರುವವರು, ಎಂಕಾಂ, ಎಂಎಸ್ಸಿ ವಿದ್ಯಾರ್ಥಿಗಳು, ಸರ್ವೆ ಕೆಲಸದಲ್ಲಿರುವವರು ಆರ್ ಬಗ್ಗೆ ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕಮಾಂಡ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಕಂಪ್ಯೂಟರ್‌ನಲ್ಲಿ ಅವನ್ನು ಇಂಗ್ಲಿಷ್‌ನ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು. ಗ್ರೂಪ್‌ಬೈ ಥರ ಎರಡು ಪದ ಕೂಡಿದ ಕಮಾಂಡ್ ಆದರೆ ನಡುವೆ ಅಡಿಗೆರೆ ಇರುತ್ತದೆ: group_by. ಆರ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ.

ಆರ್ ಅಂದರೆ ಏನು? ಯಾರು ಮಾಡಿದ್ದು?

ಅಂಕಿಅಂಶದ ಕೆಲಸಕ್ಕೆಂದೇ ಹುಟ್ಟಿದ ಪ್ರೋಗ್ರಾಮಿಂಗ್ ಭಾಷೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1976ರಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು ಶುರು ಮಾಡಿದ ಎಸ್ ಎಂಬ ಭಾಷೆ ಇದರ ಅಜ್ಜ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಅದೇ ದಾರಿಯಲ್ಲಿ ಆರ್ ಬರೆದರು. 1.0.0 ಆವೃತ್ತಿ ಹೊರಬಂದದ್ದು 2000ರ ಫೆಬ್ರವರಿ 29ರಂದು. ಪೂರ್ತಿ ಉಚಿತ, ಲೈಸೆನ್ಸ್ ತಾಪತ್ರಯ ಇಲ್ಲ.

ನನಗೆ ಕೋಡಿಂಗ್ ಗೊತ್ತೇ ಇಲ್ಲ. ಆಗುತ್ತಾ?

ಆಗುತ್ತೆ. ಆರ್ ಬಳಸುವವರಲ್ಲಿ ಸಾಫ್ಟ್‌ವೇರ್ ಹಿನ್ನೆಲೆ ಇಲ್ಲದವರು ತುಂಬಾ ಜನ ಇದ್ದಾರೆ: ಸಸ್ಯಶಾಸ್ತ್ರದವರು, ಅರ್ಥಶಾಸ್ತ್ರದವರು, ವೈದ್ಯರು, ಪತ್ರಕರ್ತರು. ಫಾರ್ ಲೂಪ್ (ಒಂದೇ ಕೆಲಸವನ್ನು ಪದೇ ಪದೇ ಮಾಡಿಸುವ ಕೋಡ್) ಬರೆಯದೆ ತಿಂಗಳುಗಟ್ಟಲೆ ಕೆಲಸ ಸಾಗಿಸಬಹುದು. ನನ್ನ ಪ್ರಕಾರ ಹೊಸಬರು ಎಡವುವುದು ಕೋಡ್‌ನಲ್ಲಿ ಅಲ್ಲವೇ ಅಲ್ಲ, ತಮ್ಮ ಟೇಬಲ್‌ನ ಒಂದು ಸಾಲು ಏನನ್ನು ಹೇಳುತ್ತಿದೆ ಎಂದು ತಿಳಿಯದೇ ಮುಂದೆ ಹೋಗುವುದರಲ್ಲಿ. ಒಂದು ಸಾಲು ಒಬ್ಬ ರೈತನೋ, ಒಂದು ಜಮೀನೋ, ಒಂದು ಹಂಗಾಮೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೋಡ್ ಬರೆದಂತೆಯೇ.

ಎಕ್ಸೆಲ್ ಇದೆಯಲ್ಲ, ಇದು ಯಾಕೆ ಬೇಕು?

ನೂರಿನ್ನೂರು ಸಾಲು, ಒಂದೇ ಸಲದ ಲೆಕ್ಕ ಅಂದರೆ ಎಕ್ಸೆಲ್ ಸಾಕು, ಸುಮ್ಮನೆ ಕಷ್ಟಪಡಬೇಡಿ. ತೊಂದರೆ ಶುರುವಾಗುವುದು ಅದೇ ಕೆಲಸವನ್ನು ಮತ್ತೆ ಮಾಡಬೇಕಾದಾಗ, ಅಥವಾ ಏನು ಮಾಡಿದಿರಿ ಎಂದು ಇನ್ನೊಬ್ಬರಿಗೆ ತೋರಿಸಬೇಕಾದಾಗ. ಎಕ್ಸೆಲ್‌ನಲ್ಲಿ ಲೆಕ್ಕ ಸೆಲ್‌ನ ಹಿಂದೆ ಅಡಗಿ ಕೂತಿರುತ್ತದೆ.

ಹೆಸರಾಂತ ಉದಾಹರಣೆ ಒಂದಿದೆ. ಸಾಲ ಜಿಡಿಪಿಯ 90 ಶೇಕಡ ದಾಟಿದ ದೇಶಗಳ ಬೆಳವಣಿಗೆ ಕುಸಿಯುತ್ತದೆ ಎಂದು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಬರೆದರು. ಸರ್ಕಾರಿ ಖರ್ಚು ಕಡಿತದ ಪರವಾಗಿ ಆ ಲೇಖನವನ್ನು ಎಲ್ಲೆಡೆ ಎತ್ತಿ ತೋರಿಸಲಾಯಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ (ಆಮ್ಹರ್ಸ್ಟ್) ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಅವರ ಎಕ್ಸೆಲ್ ಹಾಳೆ ತರಿಸಿಕೊಂಡು ನೋಡಿದರೆ, ಸರಾಸರಿಯ ಫಾರ್ಮುಲಾ ಕೊನೆಯ ಐದು ಸಾಲುಗಳನ್ನು ಹಿಡಿದೇ ಇರಲಿಲ್ಲ. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ಆಚೆ ಉಳಿದಿದ್ದವು. ಆ ಲೇಖನದ ಮೇಲೆ ಬೇರೆ ತಕರಾರುಗಳೂ ಇದ್ದವು, ಅವು ಇದಕ್ಕಿಂತ ದೊಡ್ಡವು. ಆದರೆ ಈ ಒಂದು ತಪ್ಪು ಮೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದನ್ನು ಗಮನಿಸಿ. ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಬರೆದರೆ ತಪ್ಪೇ ಆಗುವುದಿಲ್ಲ ಎಂದಲ್ಲ. ತಪ್ಪಿದ್ದರೆ ಓದುವವರ ಕಣ್ಣೆದುರೇ ಇರುತ್ತದೆ.

ಪೈಥಾನ್ ಕಲಿಯಲಾ, ಆರ್ ಕಲಿಯಲಾ?

ನಿಮ್ಮ ಪಕ್ಕದಲ್ಲಿ ಕೂತವರು ಯಾವುದನ್ನು ಬಳಸುತ್ತಾರೋ ಅದನ್ನು ಕಲಿಯಿರಿ. ಸಾಫ್ಟ್‌ವೇರ್ ಕಂಪನಿ, ಮಷೀನ್ ಲರ್ನಿಂಗ್ ಕಡೆ ಹೋಗುವವರಿಗೆ ಪೈಥಾನ್. ಸಂಶೋಧನೆ, ಸರ್ವೆ, ಕೃಷಿ ಪ್ರಯೋಗ, ಆರೋಗ್ಯದ ಅಂಕಿಅಂಶ ಅಂದರೆ ಆರ್. ಒಂದು ಬಂದವರಿಗೆ ಇನ್ನೊಂದು ಬೇಗ ಹತ್ತುತ್ತದೆ. ಇದರ ಮೇಲೆ ಜಗಳ ಆಡುವಷ್ಟು ಹೊತ್ತಿನಲ್ಲಿ ಎರಡರ ಮೊದಲ ಪಾಠವೂ ಮುಗಿಯುತ್ತದೆ.

ಏನೇನು ಇನ್‌ಸ್ಟಾಲ್ ಮಾಡಬೇಕು?

ಮೊದಲು ಕ್ರ್ಯಾನ್ (CRAN) ಎಂಬ ಆರ್‌ನ ಡೌನ್‌ಲೋಡ್ ತಾಣದಿಂದ ಆರ್. ಆಮೇಲೆ ಆರ್‌ಸ್ಟುಡಿಯೊ, ಅಂದರೆ ಕೂತು ಕೋಡ್ ಬರೆಯುವ ಜಾಗ. ಅದನ್ನು ಮಾಡಿದ ಕಂಪನಿ 2022ರಲ್ಲಿ ಪಾಸಿಟ್ ಎಂದು ಹೆಸರು ಬದಲಿಸಿಕೊಂಡಿದೆ, ಹುಡುಕುವಾಗ ಗಾಬರಿಯಾಗಬೇಡಿ. ಮೂರನೆಯದು ಟೈಡಿವರ್ಸ್ ಎಂಬ ಪ್ಯಾಕೇಜುಗಳ ಕಟ್ಟು. ಪ್ಯಾಕೇಜ್ ಅಂದರೆ ಬೇರೆಯವರು ಬರೆದಿಟ್ಟ ಕಮಾಂಡ್‌ಗಳ ಕಂತೆ. ಡೇಟಾ ತಿದ್ದುವ ಡಿಪ್ಲೈಯರ್, ಚಾರ್ಟ್ ಬರೆಯುವ ಜಿಜಿಪ್ಲಾಟ್2, ಫೈಲ್ ಓದುವ ರೀಡ್‌ಆರ್ ಎಲ್ಲವೂ ಅದರೊಳಗೇ ಬರುತ್ತವೆ.

ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡುವುದು ಒಂದೇ ಸಲ. ಆದರೆ ಆರ್ ತೆರೆದಾಗಲೆಲ್ಲ ಲೈಬ್ರರಿ ಕಮಾಂಡ್ ಕೊಟ್ಟು ಅದನ್ನು ಕರೆಯಬೇಕು. “ಫಂಕ್ಷನ್ ಸಿಗುತ್ತಿಲ್ಲ” ಎಂಬ ಎರರ್ ಬಂದರೆ ನೂರಕ್ಕೆ ತೊಂಬತ್ತು ಸಲ ನೀವು ಆ ಸಾಲನ್ನು ಓಡಿಸಿಲ್ಲ.

ಇನ್ನೊಂದು ಸೆಟ್ಟಿಂಗ್ ಮೊದಲ ದಿನವೇ ಬದಲಿಸಿ. ಆರ್‌ಸ್ಟುಡಿಯೊ ಮುಚ್ಚುವಾಗ ವರ್ಕ್‌ಸ್ಪೇಸ್ ಸೇವ್ ಮಾಡಲೇ ಎಂದು ಕೇಳುತ್ತದೆ. ಗ್ಲೋಬಲ್ ಆಪ್ಷನ್ಸ್‌ಗೆ ಹೋಗಿ ಅದನ್ನು “ನೆವರ್” ಮಾಡಿ. ಹಳೆಯ ಸರಕು ನೆನಪಿನಲ್ಲಿ ಉಳಿದರೆ ಸ್ಕ್ರಿಪ್ಟ್ ನಿಮ್ಮ ಕಂಪ್ಯೂಟರ್‌ನಲ್ಲಿ ಓಡುತ್ತದೆ, ಗೈಡ್‌ಗೆ ಕಳಿಸಿದರೆ ಅಲ್ಲಿ ಓಡುವುದಿಲ್ಲ.

ಮೊದಲು ಯಾವ ಕಮಾಂಡ್‌ಗಳನ್ನು ಕಲಿಯಬೇಕು?

ಆರು ಸಾಕು. ಬೇಕಾದ ಸಾಲು ಆರಿಸಲು ಫಿಲ್ಟರ್, ಬೇಕಾದ ಕಾಲಂ ಆರಿಸಲು ಸೆಲೆಕ್ಟ್, ಹೊಸ ಕಾಲಂ ಕಟ್ಟಲು ಮ್ಯುಟೇಟ್, ಏರಿಕೆ ಇಳಿಕೆ ಕ್ರಮಕ್ಕೆ ಅರೇಂಜ್, ಗುಂಪು ಮಾಡಲು ಗ್ರೂಪ್‌ಬೈ, ಗುಂಪಿಗೊಂದು ಉತ್ತರ ಪಡೆಯಲು ಸಮರೈಸ್. ಇವನ್ನು ಒಂದರ ಹಿಂದೊಂದು ಜೋಡಿಸುವುದು ಪೈಪ್. “ಈ ಟೇಬಲ್ ತಗೊ, ಜುಲೈ ಸಾಲುಗಳನ್ನಷ್ಟೇ ಇಟ್ಟುಕೋ, ಊರಿಗೊಂದು ಸರಾಸರಿ ಕೊಡು” ಎಂದು ನಾವು ಬಾಯಲ್ಲಿ ಹೇಳುವ ಕ್ರಮವೇ ಕೋಡ್‌ನ ಕ್ರಮವೂ ಆಗುತ್ತದೆ. ಕ್ರಿಯಾಪದ ಕೊನೆಗೆ ಬರುವ ಭಾಷೆ ಆಡುವ ನಮಗೆ ಪೈಪ್ ಸುಲಭವಾಗಿಯೇ ಒಗ್ಗುತ್ತದೆ.

ಪೈಪ್ ಗುರುತು ಎರಡು ಥರ ಕಾಣುತ್ತದೆ. ಹಳೆಯ ಪಾಠಗಳಲ್ಲಿ %>% ಇರುತ್ತದೆ, ಅದು ಪ್ಯಾಕೇಜಿನಿಂದ ಬಂದದ್ದು. 2021ರಲ್ಲಿ ಬಂದ ಆರ್ 4.1.0ರಿಂದ |> ಎಂಬುದು ಭಾಷೆಯಲ್ಲೇ ಇದೆ. ಯಾವುದಾದರೂ ನಡೆಯುತ್ತದೆ, ಒಂದೇ ಫೈಲ್‌ನಲ್ಲಿ ಎರಡನ್ನೂ ಬೆರೆಸಬೇಡಿ ಅಷ್ಟೇ.

ಅಭ್ಯಾಸಕ್ಕೆ ಯಾವ ಡೇಟಾ ತಗೊಳ್ಳಲಿ?

ನಿಮ್ಮದೇ ಡೇಟಾ ಇದ್ದರೆ ಅದೇ ಒಳ್ಳೆಯದು, ಯಾಕೆಂದರೆ ಉತ್ತರ ತಪ್ಪಾದರೆ ನಿಮಗೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಆರ್ ಜೊತೆಗೇ ಬರುವ ಎರಡನ್ನು ಹೇಳುತ್ತೇನೆ. ಒಂದು ಏರ್‌ಕ್ವಾಲಿಟಿ: ನ್ಯೂಯಾರ್ಕ್‌ನಲ್ಲಿ 1973ರ ಮೇನಿಂದ ಸೆಪ್ಟೆಂಬರ್‌ವರೆಗೆ ದಿನವೂ ಅಳೆದ ಓಝೋನ್, ಬಿಸಿಲು, ಗಾಳಿ, ತಾಪಮಾನ, ಒಟ್ಟು 153 ಸಾಲು. ಇನ್ನೊಂದು ಪೆಂಗ್ವಿನ್ಸ್: ಅಂಟಾರ್ಕ್ಟಿಕಾದ ಪಾಮರ್ ಸ್ಟೇಷನ್ ಬಳಿಯ ಮೂರು ದ್ವೀಪಗಳಲ್ಲಿ ಅಳೆದ 344 ಪೆಂಗ್ವಿನ್‌ಗಳ ಲೆಕ್ಕ. ಇದು 2025ರ ಆರ್ 4.5.0ರಿಂದ ಒಳಗೇ ಇದೆ. ಹಳೆಯ ಆವೃತ್ತಿಯವರು ಪಾಮರ್‌ಪೆಂಗ್ವಿನ್ಸ್ ಪ್ಯಾಕೇಜ್ ಹಾಕಿಕೊಳ್ಳಬೇಕು, ಅದರಲ್ಲಿ ಕಾಲಂ ಹೆಸರುಗಳು ಸ್ವಲ್ಪ ಉದ್ದ.

ಸರಾಸರಿ ಕೇಳಿದರೆ ಬರೀ ಎನ್‌ಎ ಬರುತ್ತಿದೆ. ಯಾಕೆ?

ಎನ್‌ಎ ಅಂದರೆ ಅಳತೆ ಇಲ್ಲ ಎಂದು. ಸೊನ್ನೆ ಎಂದು ಅರ್ಥವಲ್ಲ. ಒಂದು ಮೌಲ್ಯ ಗೊತ್ತಿಲ್ಲದಿದ್ದರೂ ಸರಾಸರಿ ಗೊತ್ತಿಲ್ಲ ಎನ್ನುವುದು ಆರ್‌ನ ವಾದ, ನ್ಯಾಯವಾದದ್ದೇ. ಬಿಟ್ಟು ಲೆಕ್ಕ ಹಾಕು ಎನ್ನಲು ಸರಾಸರಿಯ ಕಮಾಂಡ್ ಒಳಗೆ ಎನ್‌ಎ.ಆರ್‌ಎಂ ಎಂಬುದನ್ನು ಟ್ರೂ (ಇದನ್ನು ಮಾತ್ರ ದೊಡ್ಡಕ್ಷರದಲ್ಲಿ, TRUE) ಮಾಡಿದರಾಯಿತು. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬಾರದು.

ಏರ್‌ಕ್ವಾಲಿಟಿಯಲ್ಲಿ ತಿಂಗಳುವಾರು ಓಝೋನ್ ಸರಾಸರಿ ತೆಗೆಯಿರಿ. ಮೇ 23.6, ಜೂನ್ 29.4, ಜುಲೈ 59.1, ಆಗಸ್ಟ್ 60.0, ಸೆಪ್ಟೆಂಬರ್ 31.4 ಎಂದು ಬರುತ್ತದೆ. ಅಚ್ಚುಕಟ್ಟಾದ ಐದು ಸಂಖ್ಯೆ, ವರದಿಗೆ ಹಾಕಿಬಿಡಬಹುದು ಅನಿಸುತ್ತದೆ. ಈಗ ಅದೇ ಸಮರೈಸ್ ಒಳಗೆ ಇನ್ನೊಂದು ಕಾಲಂ ಸೇರಿಸಿ, ಎಷ್ಟು ದಿನದ ಅಳತೆ ನಿಜವಾಗಿ ಇದೆ ಎಂದು ಎಣಿಸಿ. ಮೇ 26, ಜುಲೈ 26, ಆಗಸ್ಟ್ 26, ಸೆಪ್ಟೆಂಬರ್ 29. ಜೂನ್? ಬರೀ 9. ಮೂವತ್ತರಲ್ಲಿ 21 ದಿನದ ಅಳತೆಯೇ ಇಲ್ಲ. ಆ 29.4ನ್ನು ಉಳಿದ ನಾಲ್ಕರ ಜೊತೆ ಒಂದೇ ಸಾಲಿನಲ್ಲಿ ಕೂರಿಸುವುದು ಸರಿಯೇ ಎಂದು ನೀವು ನಿರ್ಧರಿಸಬೇಕು, ಆರ್ ನಿರ್ಧರಿಸುವುದಿಲ್ಲ. ಸರಾಸರಿ ಬರೆದಲ್ಲೆಲ್ಲ ಪಕ್ಕದಲ್ಲಿ ಎಣಿಕೆ ಬರೆಯುವ ಅಭ್ಯಾಸ ಈಗಲೇ ಮಾಡಿಕೊಳ್ಳಿ.

ಡ್ರಾಪ್‌ಎನ್‌ಎ ಕಮಾಂಡ್ ಇನ್ನೂ ಅಪಾಯ. ಕಾಲಂ ಹೆಸರು ಕೊಡದೆ ಓಡಿಸಿದರೆ ಯಾವ ಕಾಲಂನಲ್ಲಿ ಖಾಲಿ ಇದ್ದರೂ ಆ ಸಾಲು ಹೋಗುತ್ತದೆ. ಓಝೋನ್ ಮಾತ್ರ ಬೇಕಿದ್ದಾಗ 116 ಸಾಲು ಉಳಿಯಬೇಕು. ಹೆಸರಿಲ್ಲದೆ ಓಡಿಸಿದರೆ 111 ಉಳಿಯುತ್ತದೆ, ಬಿಸಿಲಿನ ಅಳತೆ ಇಲ್ಲದ ದಿನಗಳೂ ಜೊತೆಗೆ ಹೋಗಿರುತ್ತವೆ. ಫಿಲ್ಟರ್ ಕೂಡ ಎನ್‌ಎ ಇರುವ ಸಾಲನ್ನು ಸದ್ದಿಲ್ಲದೆ ಬಿಡುತ್ತದೆ. ಖಾಲಿ ಸಾಲುಗಳನ್ನೇ ಹುಡುಕಬೇಕಾದರೆ “ಎನ್‌ಎಗೆ ಸಮ” ಎಂದು ಬರೆದರೆ ಏನೂ ಸಿಗದು, ಈಸ್.ಎನ್‌ಎ ಬಳಸಿ.

ಸಂಖ್ಯೆಯ ಕಾಲಂ ಅಕ್ಷರದ ಥರ ಬರುತ್ತಿದೆ, ಕೂಡಿಸಲು ಆಗುತ್ತಿಲ್ಲ.

ನಮ್ಮ ಕಡೆಯ ಫೈಲುಗಳಲ್ಲಿ 1,25,000 ಎಂದು ಕಾಮಾ ಹಾಕಿರುತ್ತಾರೆ, ಇಲ್ಲವೇ ಮುಂದೆ “ರೂ.” ಇರುತ್ತದೆ, ಇಲ್ಲವೇ ಸಂಖ್ಯೆಗಳ ನಡುವೆ ಯಾರೋ “ಲಭ್ಯವಿಲ್ಲ” ಎಂದು ಟೈಪ್ ಮಾಡಿರುತ್ತಾರೆ. ಒಂದೇ ಸೆಲ್ ಹೀಗಿದ್ದರೂ ಇಡೀ ಕಾಲಂ ಅಕ್ಷರವಾಗಬಹುದು. ರೀಡ್‌ಆರ್‌ನ ಪಾರ್ಸ್‌ನಂಬರ್ ಕಾಮಾ ತೆಗೆದು ಸಂಖ್ಯೆ ಕೊಡುತ್ತದೆ, ಆದರೆ “ರೂ.”ನ ಚುಕ್ಕೆಯನ್ನು ದಶಮಾಂಶ ಎಂದುಕೊಳ್ಳಬಹುದು, ಅದನ್ನು ಮೊದಲೇ ತೆಗೆದುಬಿಡಿ. ಉಲ್ಟಾ ತೊಂದರೆಯೂ ಇದೆ: 01, 02 ಎಂದಿರುವ ಕೋಡ್ ಸಂಖ್ಯೆಯಾಗಿ ಓದಿಕೊಂಡರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಪಿನ್, ಕೋಡ್, ಫೋನ್ ನಂಬರ್ ಇವನ್ನು ಕೂಡಿಸುವ ಪ್ರಸಂಗ ಬರುವುದಿಲ್ಲ, ಅಕ್ಷರವಾಗಿಯೇ ಓದಿಸಿ.

ತಿಂಗಳುಗಳು ಅಡ್ಡಡ್ಡ ಕಾಲಂನಲ್ಲಿವೆ. ಚಾರ್ಟ್ ಬರುತ್ತಿಲ್ಲ.

ಮಳೆ ಲೆಕ್ಕದ ಟೇಬಲ್ ಹೆಚ್ಚಾಗಿ ಹೀಗೇ ಇರುತ್ತದೆ: ತಾಲೂಕು, ಆಮೇಲೆ ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ಕಾಲಂ. ಓದಲು ಚೆಂದ, ಲೆಕ್ಕಕ್ಕೆ ಕಷ್ಟ. ತಿಂಗಳು ಎಂಬುದೂ ಒಂದು ಮಾಹಿತಿ, ಅದು ಕಾಲಂ ಹೆಸರಾಗಿ ಕೂತಿದೆ. ಪಿವಟ್‌ಲಾಂಗರ್ ಓಡಿಸಿದರೆ ತಾಲೂಕು, ತಿಂಗಳು, ಮಳೆ ಎಂದು ಮೂರೇ ಕಾಲಂ ಆಗುತ್ತದೆ, ಹತ್ತು ತಾಲೂಕಿನ ಹತ್ತು ಸಾಲು 120 ಸಾಲಾಗುತ್ತದೆ. ಆಮೇಲೆ ಗ್ರೂಪ್‌ಬೈ, ಚಾರ್ಟ್ ಎಲ್ಲ ನೀರು ಕುಡಿದಷ್ಟು ಸುಲಭ.

ಚಾರ್ಟ್‌ನಲ್ಲಿ ಏಪ್ರಿಲ್, ಆಗಸ್ಟ್ ಮೊದಲು ಬಂದರೆ ಆರ್ ಇಂಗ್ಲಿಷ್ ಅಕ್ಷರಮಾಲೆಯ ಕ್ರಮ ಹಿಡಿದಿದೆ ಎಂದರ್ಥ. ತಿಂಗಳನ್ನು ಫ್ಯಾಕ್ಟರ್ (ಕ್ರಮ ಹೇಳಿಟ್ಟ ವರ್ಗಗಳ ಕಾಲಂ) ಮಾಡಿ ಕ್ರಮ ನೀವೇ ಕೊಡಿ.

ಜಿಲ್ಲೆವಾರು ಎರಡು ಟೇಬಲ್ ಸೇರಿಸಿದರೆ ಕೆಲವು ಜಿಲ್ಲೆ ಖಾಲಿ ಬರುತ್ತವೆ.

ಕರ್ನಾಟಕದ ಡೇಟಾ ಹಿಡಿದವರೆಲ್ಲ ಒಮ್ಮೆಯಾದರೂ ಕೇಳುವ ಪ್ರಶ್ನೆ. 2011ರ ಜನಗಣತಿ ಹಾಳೆಯಲ್ಲಿ ಗುಲ್ಬರ್ಗಾ, ಬಿಜಾಪುರ, ಬೆಳಗಾಂ, ಶಿಮೊಗ್ಗ ಇರುತ್ತವೆ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಬದಲಾದ ಮೇಲಿನ ಹಾಳೆಯಲ್ಲಿ ಕಲಬುರಗಿ, ವಿಜಯಪುರ, ಬೆಳಗಾವಿ, ಶಿವಮೊಗ್ಗ. ನಮಗೆ ಒಂದೇ ಊರು, ಎರಡು ಟೇಬಲ್ ಸೇರಿಸುವ ಲೆಫ್ಟ್‌ಜಾಯಿನ್‌ಗೆ ಬೇರೆ ಬೇರೆ. ಅದು ಎರರ್ ಕೊಡುವುದಿಲ್ಲ, ಎದುರಿಗೆ ಎನ್‌ಎ ಇಟ್ಟು ಸುಮ್ಮನಾಗುತ್ತದೆ. ಕೊನೆಯಲ್ಲಿ ಒಂದು ಸ್ಪೇಸ್ ಹೆಚ್ಚಿದ್ದರೂ ಇದೇ ಕತೆ.

ಜಾಯಿನ್ ಮಾಡುವ ಮೊದಲು ಆ್ಯಂಟಿಜಾಯಿನ್ ಓಡಿಸಿ. ಈ ಕಡೆ ಇದ್ದು ಆ ಕಡೆ ಸಿಗದ ಸಾಲುಗಳನ್ನಷ್ಟೇ ಅದು ತೋರಿಸುತ್ತದೆ. ಪಟ್ಟಿ ಬಂದ ಮೇಲೆ ಹಳೆ ಹೆಸರು, ಹೊಸ ಹೆಸರು ಎಂಬ ಎರಡು ಕಾಲಂನ ಸಣ್ಣ ಫೈಲ್ ಮಾಡಿಟ್ಟುಕೊಳ್ಳಿ, ಮುಂದೆಲ್ಲ ಉಪಯೋಗಕ್ಕೆ ಬರುತ್ತದೆ. ಎರಡೂ ಕಡೆ ಒಂದೇ ಜಿಲ್ಲಾ ಕೋಡ್ ಇದ್ದರೆ ಹೆಸರಿನ ಗೋಜಿಗೇ ಹೋಗದೆ ಅದರ ಮೇಲೆ ಸೇರಿಸಿ.

ಹೆಸರು ಸರಿಮಾಡಿದರೂ ಬಗೆಹರಿಯದ್ದು ಗಡಿ. 2011ರ ಗಣತಿಯಲ್ಲಿ 30 ಜಿಲ್ಲೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ 31 ಆಯಿತು. ಹೊಸ ಬಳ್ಳಾರಿಯ ಆಸ್ಪತ್ರೆಗಳನ್ನು ಹಳೆ ಬಳ್ಳಾರಿಯ ಜನಸಂಖ್ಯೆಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಆಗ ತಾಲೂಕು ಮಟ್ಟಕ್ಕೆ ಇಳಿದು ಮತ್ತೆ ಕೂಡಿಸಬೇಕು, ಬೇರೆ ಅಡ್ಡದಾರಿ ಇಲ್ಲ.

ಸಾಲುಗಳು ಇದ್ದಕ್ಕಿದ್ದಂತೆ ಹೆಚ್ಚಾದರೆ ಎರಡನೇ ಟೇಬಲ್‌ನಲ್ಲಿ ಅದೇ ಜಿಲ್ಲೆ ಎರಡು ಸಲ ಇದೆ. ಜಾಯಿನ್‌ಗೆ ಮೊದಲು, ಆಮೇಲೆ ಸಾಲು ಎಣಿಸಿ.

ಜಿಜಿಪ್ಲಾಟ್ ಅರ್ಥವೇ ಆಗುತ್ತಿಲ್ಲ. ಹೇಗೆ ಯೋಚಿಸಬೇಕು?

ಚಾರ್ಟ್‌ಗಳ ಹೆಸರು ಮರೆತುಬಿಡಿ. ಲೀಲ್ಯಾಂಡ್ ವಿಲ್ಕಿನ್ಸನ್ 1999ರಲ್ಲಿ ಚಿತ್ರಗಳಿಗೂ ಒಂದು ವ್ಯಾಕರಣ ಇದೆ ಎಂದು ಪುಸ್ತಕ ಬರೆದರು. ಹ್ಯಾಡ್ಲಿ ವಿಕ್‌ಹ್ಯಾಮ್ ಅದನ್ನು ಹಿಡಿದು ಜಿಜಿಪ್ಲಾಟ್2 ಕಟ್ಟಿದರು. ಯಾವ ಕಾಲಂ ಅಡ್ಡ ಅಕ್ಷಕ್ಕೆ, ಯಾವುದು ಲಂಬ ಅಕ್ಷಕ್ಕೆ, ಯಾವುದು ಬಣ್ಣಕ್ಕೆ ಎಂದು ಮೊದಲು ಹೇಳುತ್ತೀರಿ, ಅದು ಎಇಎಸ್ ಎಂಬ ಆವರಣದ ಒಳಗೆ. ಆಮೇಲೆ ಚುಕ್ಕೆಯೋ ಗೆರೆಯೋ ಕಂಬವೋ ಎಂದು ಪ್ಲಸ್ ಹಾಕಿ ಪದರಪದರವಾಗಿ ಸೇರಿಸುತ್ತೀರಿ.

ಪೆಂಗ್ವಿನ್ ಡೇಟಾ ತೆಗೆಯಿರಿ. ಕೊಕ್ಕಿನ ಉದ್ದವನ್ನು ಅಡ್ಡ ಅಕ್ಷಕ್ಕೆ, ಕೊಕ್ಕಿನ ದಪ್ಪವನ್ನು ಲಂಬ ಅಕ್ಷಕ್ಕೆ ಕೊಟ್ಟು ಚುಕ್ಕೆ ಹಾಕಿ. ಮೇಲೆ ಜಿಯೋಮ್‌ಸ್ಮೂತ್‌ನಿಂದ ಒಂದು ನೇರ ಗೆರೆ ಎಳೆಯಿರಿ. ಗೆರೆ ಇಳಿಮುಖ: ಕೊಕ್ಕು ಉದ್ದವಾದಂತೆ ತೆಳ್ಳಗಾಗುತ್ತದೆ ಎಂದು ಹೇಳುತ್ತಿದೆ. ಸಹಸಂಬಂಧ (ಎರಡು ಅಳತೆ ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಸಂಖ್ಯೆ) ಸುಮಾರು -0.24. ಈಗ ಎಇಎಸ್ ಒಳಗೆ ಒಂದೇ ಮಾತು ಸೇರಿಸಿ, ಬಣ್ಣ ಎಂದರೆ ಜಾತಿ. ಅಡೇಲಿ, ಚಿನ್‌ಸ್ಟ್ರಾಪ್, ಜೆಂಟೂ ಮೂರಕ್ಕೂ ಬೇರೆ ಬೇರೆ ಗೆರೆ ಬರುತ್ತದೆ, ಮೂರೂ ಏರುಮುಖ. ಜೆಂಟೂ ಕೊಕ್ಕು ಉದ್ದ ಮತ್ತು ತೆಳು, ಅಡೇಲಿಯದು ಗಿಡ್ಡ ಮತ್ತು ದಪ್ಪ. ಎಲ್ಲವನ್ನೂ ಒಂದೇ ರಾಶಿ ಮಾಡಿದ್ದರಿಂದ ಗೆರೆ ತಿರುಗಿಬಿದ್ದಿತ್ತು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ. ಬಣ್ಣ ಹಾಕದೆ ಸಹಸಂಬಂಧ ಮಾತ್ರ ಲೆಕ್ಕ ಹಾಕಿ ಮುಗಿಸಿದವರಿಗೆ ಇದು ಕಾಣುವುದೇ ಇಲ್ಲ. ಚಾರ್ಟ್ ಎಂದರೆ ಕೊನೆಯಲ್ಲಿ ವರದಿಗೆ ಹಾಕುವ ಅಲಂಕಾರ ಎಂದುಕೊಂಡವರಿಗೆ ನಾನು ಮೊದಲು ಮಾಡಿಸುವುದು ಇದನ್ನೇ.

ಇಲ್ಲೊಂದು ಸೂಕ್ಷ್ಮ ಇದೆ. ಬಣ್ಣವನ್ನು ಮೊದಲ ಸಾಲಿನ ಎಇಎಸ್‌ನಲ್ಲಿ ಕೊಟ್ಟರೆ ಚುಕ್ಕೆಗೂ ಗೆರೆಗೂ ಸೇರುತ್ತದೆ. ಚುಕ್ಕೆಯ ಪದರದ ಒಳಗಷ್ಟೇ ಕೊಟ್ಟರೆ ಚುಕ್ಕೆ ಮೂರು ಬಣ್ಣ, ಗೆರೆ ಮಾತ್ರ ಒಂದೇ.

ನೀಲಿ ಎಂದು ಬರೆದೆ, ಚುಕ್ಕೆಗಳು ಕೆಂಪಾಗಿ ಬಂದವು!

ಎಇಎಸ್ ಒಳಗೆ ಬರೆದಿದ್ದೀರಿ. ಅಲ್ಲಿ ಬರೆದದ್ದೆಲ್ಲ ಡೇಟಾ ಎಂದು ಅದರ ನಂಬಿಕೆ, “ನೀಲಿ” ಎಂಬ ಗುಂಪೊಂದಿದೆ ಎಂದುಕೊಂಡು ತನ್ನ ಪಟ್ಟಿಯ ಮೊದಲ ಬಣ್ಣ ಕೊಟ್ಟಿದೆ. ಆವರಣದ ಹೊರಗೆ ಬರೆಯಿರಿ.

ಪೈ ಚಾರ್ಟ್ ಹೇಗೆ ಮಾಡುವುದು?

ಆರ್‌ನ ಪೈ ಕಮಾಂಡ್‌ನ ಸಹಾಯ ಪುಟದಲ್ಲೇ ಮಾಹಿತಿ ತೋರಿಸಲು ಇದು ತೀರಾ ಕೆಟ್ಟ ವಿಧಾನ ಎಂದು ಬರೆದಿದ್ದಾರೆ. ನಾನು ಅಷ್ಟು ಕಟುವಾಗಿ ಹೇಳಲಾರೆ. ಎರಡೋ ಮೂರೋ ಪಾಲು ಇದ್ದರೆ ಇರಲಿ. ಹನ್ನೊಂದು ಪಾಲಿನ ಪೈ ಬೇಡ, ಅಡ್ಡ ಕಂಬದ ಚಾರ್ಟ್ ಮಾಡಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಅಕ್ಷದ ಮೇಲೆ 1e+05 ಎಂದು ಬಂದರೆ ಕಾಲಂ ಅನ್ನು ಒಂದು ಲಕ್ಷದಿಂದ ಭಾಗಿಸಿ ಲೇಬಲ್‌ನಲ್ಲಿ “ಲಕ್ಷಗಳಲ್ಲಿ” ಎಂದು ಬರೆದುಬಿಡಿ, ಓದುವವರಿಗೆ ಅದೇ ಹಿತ.

ಚಾರ್ಟ್‌ನಲ್ಲಿ ಕನ್ನಡ ಅಕ್ಷರ ಒಡೆದು ಬರುತ್ತದೆ, ಇಲ್ಲವೇ ಬರೀ ಡಬ್ಬಿಗಳು.

ಡಬ್ಬಿ ಬಂದರೆ ಫಾಂಟ್ ಸಿಕ್ಕಿಲ್ಲ. ನೋಟೊ ಸಾನ್ಸ್ ಕನ್ನಡ ಹಾಕಿಕೊಂಡು ಥೀಮ್‌ನಲ್ಲಿ ಅದರ ಹೆಸರು ಕೊಡಿ. ಫಾಂಟ್ ಇದ್ದೂ ಬಳ್ಳಾರಿಯ ಒತ್ತಕ್ಷರ ಪಕ್ಕಕ್ಕೆ ಸರಿದಿದ್ದರೆ ಚಿತ್ರ ಬರೆಯುವ ಸಾಧನಕ್ಕೆ ಅಕ್ಷರ ಜೋಡಿಸಲು ಬರುತ್ತಿಲ್ಲ. ರ‍್ಯಾಗ್ ಪ್ಯಾಕೇಜ್ ಹಾಕಿ, ಆರ್‌ಸ್ಟುಡಿಯೊದ ಗ್ಲೋಬಲ್ ಆಪ್ಷನ್ಸ್‌ನಲ್ಲಿ ಗ್ರಾಫಿಕ್ಸ್ ಬ್ಯಾಕೆಂಡ್ ಅನ್ನು ಎಜಿಜಿ ಮಾಡಿ. ಗುಣಿತ, ಒತ್ತು ಎಲ್ಲ ಸರಿಯಾಗಿ ಕೂರುತ್ತವೆ. ಶೋಟೆಕ್ಸ್ಟ್ ಬಳಸಿ ಎಂದು ಸಲಹೆ ಸಿಗುತ್ತದೆ, ಇಂಗ್ಲಿಷ್ ಫಾಂಟ್‌ಗಳಿಗೆ ಅದು ಒಳ್ಳೆಯದು, ನಮ್ಮ ಒತ್ತಕ್ಷರಕ್ಕೆ ಆಗದು.

ವಿಂಡೋಸ್‌ನಲ್ಲಿ ಕನ್ನಡ ಫೈಲ್ ಓದಿದಾಗಲೇ ಕಲಸಿಹೋಗುತ್ತಿದ್ದರೆ ಆರ್ ಹಳೆಯದಿರಬಹುದು. 4.2.0ರಿಂದ ಅಲ್ಲಿ ಯುಟಿಎಫ್-8 (ಎಲ್ಲ ಲಿಪಿಗಳನ್ನೂ ಹಿಡಿಸುವ ಯುನಿಕೋಡ್ ಪದ್ಧತಿ) ಸಹಜವಾಗಿ ಬಂದಿದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತವಾದರೆ ಅದು ಯುನಿಕೋಡ್ ಅಲ್ಲ, ಮೊದಲು ಕನ್ವರ್ಟ್ ಮಾಡಿಕೊಳ್ಳಲೇಬೇಕು.

ಕಾಲಂ ಹೆಸರನ್ನೇ ಕನ್ನಡದಲ್ಲಿ ಇಡಬಹುದಾ?

ಬ್ಯಾಕ್‌ಟಿಕ್ ಗುರುತಿನ ಒಳಗೆ ಬರೆದರೆ ನಡೆಯುತ್ತದೆ. ಆದರೆ ಪ್ರತಿ ಸಲ ಕೀಬೋರ್ಡ್ ಬದಲಿಸುತ್ತಾ ಸುಸ್ತಾಗುತ್ತೀರಿ. ಕೋಡ್‌ನಲ್ಲಿ ಚಿಕ್ಕ ಇಂಗ್ಲಿಷ್ ಹೆಸರು, ಚಾರ್ಟ್‌ನ ಲೇಬಲ್‌ನಲ್ಲಿ ಕನ್ನಡ, ಇದು ಸಲೀಸು.

ಎರರ್ ಬಂದರೆ ಏನು ಮಾಡಲಿ?

ಓದಿ. ತಮಾಷೆಗೆ ಹೇಳುತ್ತಿಲ್ಲ, ಕೆಂಪಕ್ಷರ ಕಂಡ ಕೂಡಲೇ ಓದದೆ ಸ್ಕ್ರೀನ್‌ಶಾಟ್ ಕಳಿಸುವವರೇ ಜಾಸ್ತಿ. ಆಬ್ಜೆಕ್ಟ್ ಸಿಗಲಿಲ್ಲ ಎಂದರೆ ಸ್ಪೆಲಿಂಗ್ ನೋಡಿ. ಕನ್ಸೋಲ್‌ನಲ್ಲಿ + ಮಾತ್ರ ಬಂದು ನಿಂತಿದ್ದರೆ ಎಲ್ಲೋ ಬ್ರ್ಯಾಕೆಟ್ ಮುಚ್ಚಿಲ್ಲ, ಎಸ್ಕೇಪ್ ಒತ್ತಿ. ಜಿಜಿಪ್ಲಾಟ್‌ನ ಪ್ಲಸ್ ಸಾಲಿನ ಕೊನೆಗೆ ಇರಬೇಕು, ಮುಂದಿನ ಸಾಲಿನ ಮೊದಲಿಗಲ್ಲ. ಕೆಂಪಾಗಿ ಬಂದದ್ದೆಲ್ಲ ಎರರ್ ಅಲ್ಲ, ಟೈಡಿವರ್ಸ್ ಲೋಡ್ ಆದಾಗ ಬರುವುದು ಬರೀ ಮಾಹಿತಿ.

ಎಐ ಕೈಲಿ ಕೋಡ್ ಬರೆಸಿಕೊಂಡರೆ ಸಾಲದೇ?

ಬರೆಸಿಕೊಳ್ಳಿ, ಸಿಂಟ್ಯಾಕ್ಸ್ ನೆನಪಿಡುವ ಕಷ್ಟ ತಪ್ಪುತ್ತದೆ. ಆದರೆ ಜೂನ್‌ನಲ್ಲಿ 9 ದಿನದ ಅಳತೆ ಮಾತ್ರ ಇದೆ, ವಿಜಯನಗರ ಹಳೆಯ ಹಾಳೆಯಲ್ಲಿ ಇಲ್ಲ ಎಂಬುದು ನೀವು ಕೇಳದಿದ್ದರೆ ಅದು ಹೇಳದೇ ಹೋಗಬಹುದು. ಕೋಡ್ ಎರರ್ ಇಲ್ಲದೆ ಓಡಿತು ಎಂದರೆ ಉತ್ತರ ಸರಿ ಎಂದಲ್ಲ. ಪೈಪ್‌ನ ಒಂದೊಂದೇ ಸಾಲು ಓಡಿಸಿ, ಪ್ರತಿ ಹಂತದಲ್ಲೂ ಎಷ್ಟು ಸಾಲು ಉಳಿಯಿತು ನೋಡಿ.

ನನ್ನ ಫೈಲ್ ತುಂಬಾ ದೊಡ್ಡದು, ಆರ್ ತಡೆಯುತ್ತಾ?

ಆರ್ ಸಾಮಾನ್ಯವಾಗಿ ಇಡೀ ಟೇಬಲ್ ಅನ್ನು ರ‍್ಯಾಮ್‌ಗೆ ಎಳೆದುಕೊಳ್ಳುತ್ತದೆ. ಎಕ್ಸೆಲ್ ಹಾಳೆಯ ಮಿತಿ 10,48,576 ಸಾಲು. ಅದಕ್ಕಿಂತ ಕೆಲವು ಪಟ್ಟು ಹೆಚ್ಚಿದ್ದರೂ 8 ಜಿಬಿ ಲ್ಯಾಪ್‌ಟಾಪ್ ಸಾಧಾರಣವಾಗಿ ನಿಭಾಯಿಸುತ್ತದೆ. ನಿಧಾನ ಅನಿಸಿದರೆ ಡೇಟಾ.ಟೇಬಲ್ ಪ್ಯಾಕೇಜ್ ನೋಡಿ, ರ‍್ಯಾಮ್‌ಗೇ ಹಿಡಿಸದಿದ್ದರೆ ಡಕ್‌ಡಿಬಿ ಅಥವಾ ಆ್ಯರೋ. ಇವೆರಡರ ಮೇಲೂ ಫಿಲ್ಟರ್, ಗ್ರೂಪ್‌ಬೈ ಮುಂತಾದ ಅವೇ ಕಮಾಂಡ್ ಬಹುತೇಕ ಹಾಗೇ ನಡೆಯುತ್ತವೆ. ಅಗತ್ಯ ಬೀಳುವ ಮೊದಲೇ ಇವನ್ನು ಕಲಿಯಲು ಹೋಗಬೇಡಿ. ಮೂಲ ಫೈಲ್ ದೊಡ್ಡದಿರಲಿ ಚಿಕ್ಕದಿರಲಿ, ಅದನ್ನು ಬೇರೆ ಫೋಲ್ಡರ್‌ನಲ್ಲಿಟ್ಟು ಮುಟ್ಟಬೇಡಿ. ತಿದ್ದಿದ್ದನ್ನು ಹೊಸ ಹೆಸರಿನಲ್ಲಿ ಬರೆಯಿರಿ.